ಅರ್ಧ ಕ್ಷೌರ

ಕುತಾಯಿಸಿಯ ಹಳೆ ಸೇತುವೆ ಇಳಿದರೆ
ಬ್ರೆಡ್ಡಿನಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ನನ್ನದು.
ಒಂದು ಕುರ್ಚಿ, ಎರಡು ಕನ್ನಡಿ, ನಲವತ್ತೊಂದು ವರ್ಷ.
ಅಳುವ ಮಕ್ಕಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ:
ಕೂದಲಿಗೆ ಜೀವವಿಲ್ಲ ಮರಿ, ನೋಯುವುದಿಲ್ಲ.

ಖತೂನಳ ಮಗ ಜಾಬಾನಿಗೂ ಅದನ್ನೇ ಹೇಳಿದೆ.
ಏಳು ವರ್ಷ. ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು
ಹೊಸ್ತಿಲ ಆಚೆಯೇ ನಿಂತಿದ್ದ.
"ಜೀವ ಇಲ್ಲ ಅಂದ್ರೆ ಮತ್ತೆ ಯಾಕೆ
ಅಷ್ಟು ಕೂಗುತ್ತೆ?" ಎಂದ.

ಹಿಂದೆ ಎರಡು ಅಂಗಡಿಗಳಲ್ಲಿ ಹಿಡಿದು ಕೂರಿಸಿದ್ದರಂತೆ.
ಒಬ್ಬ ಕೈ ಹಿಡಿದ, ಒಬ್ಬ ತಲೆ.
ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ,
ಬಾಚಣಿಗೆಗಳನ್ನು ನೋಡಿದಳು.
ಹಟ ಎಂದರಂತೆ, ಮುದ್ದು ಹೆಚ್ಚಾಯಿತು ಎಂದರಂತೆ,
ಅತ್ತೆಯಂತೂ ದೃಷ್ಟಿ ತೆಗೆಸಿಬಿಡು ಎಂದಳಂತೆ.

ನಾನೂ ಹಿಡಿದವನೇ. ಸುಳ್ಳು ಯಾಕೆ?
ಎಷ್ಟು ಮಕ್ಕಳ ಗದ್ದ ಈ ಎಡಗೈಯಲ್ಲಿ ಅಮುಕಿದ್ದೆನೋ,
ಎರಡೇ ನಿಮಿಷ, ನೋಡು, ಮುಗಿದೇ ಹೋಯಿತು ಎನ್ನುತ್ತ.
ಮುಗಿದದ್ದು ನನಗೆ.

ಮೊದಲ ವಾರ ಅವನು ಹೊಸ್ತಿಲು ದಾಟಲಿಲ್ಲ.
ಎರಡನೆಯ ವಾರ ಒಳಗೆ ಬಂದು
ಟ್ಯೂಬ್‌ಲೈಟಿನತ್ತ ಬೆರಳು ಮಾಡಿದ:
"ಅದು ಅಳ್ತಾ ಇದೆ."
ಆರಿಸಿದೆ. ಆಮೇಲೆ ನನಗೂ ಕೇಳಿಸಿತು,
ನಿಂತುಹೋದ ಮೇಲೆ,
ಇಷ್ಟು ವರ್ಷ ನನ್ನ ತಲೆಯ ಮೇಲೇ ಇದ್ದದ್ದು.

ಮೈಯೆಲ್ಲ ಕಿವಿಯಾಗಿ ಕೇಳು ಅನ್ನುತ್ತೇವಲ್ಲ,
ಅವನಿಗದು ಬರೀ ಮಾತಲ್ಲ.
ಕತ್ತಿನ ಹಿಂದೆ ಬಿದ್ದ ಒಂದು ಕೂದಲ ಚೂರು
ದಿನವಿಡೀ ಅಲ್ಲೇ ಕೂತು ವಾದಿಸುತ್ತದೆ.
ಕಾಲರಿನ ಲೇಬಲ್ಲು ಗರಗಸ.
ನನ್ನ ಕೊಲೋನ್ ಬಾಟಲಿ
ಮುಚ್ಚಳ ಹಾಕಿದ್ದರೂ ಬೊಬ್ಬಿಡುತ್ತದೆ.
ಆದರೆ ಲಾರಿ ಓಡಿಸುವ ಅಪ್ಪನ ಚರ್ಮದ ಕೋಟು,
ಆಳಿಗೊಂದು ಹೊರೆಯಷ್ಟು ಭಾರದ್ದು,
ಹೆಗಲ ಮೇಲೆ ಹೊದಿಸಿದರೆ
ಊರಿಗೆ ಊರೇ ದನಿ ತಗ್ಗಿಸುತ್ತದೆ.
ಖತೂನ ಅದನ್ನು ಬಸ್ಸಿನಲ್ಲಿ ಹೊತ್ತು ತಂದಳು, ಜುಲೈ ಬಿಸಿಲಲ್ಲಿ.

ಮೂರನೆಯ ವಾರ ಕುರ್ಚಿ. ಬರೀ ಕುರ್ಚಿ.
ನಾಲ್ಕರಲ್ಲಿ ಕತ್ತರಿ ಅವನ ಕೈಗೇ ಕೊಟ್ಟೆ.
ನನ್ನ ಮೀಸೆಯ ತುದಿ ಕತ್ತರಿಸಿದ, ಬಹಳ ಗಂಭೀರವಾಗಿ.
ಆರನೆಯ ವಾರ ಎಡಗಡೆಯಿಂದ ಶುರು ಮಾಡಿದೆವು.
ಹತ್ತು ಸಲ ಕತ್ತರಿ ಆಡಿಸುವುದು, ನಿಲ್ಲಿಸುವುದು.
ಮತ್ತೆ ಹತ್ತು.
ನಡುನೆತ್ತಿಗೆ ಬಂದಿದ್ದೆ. ಹೊರಗೊಂದು ಮೋಟಾರ್ ಸೈಕಲ್ಲು
ಗಾಳಿಯನ್ನು ಸೀಳಿಕೊಂಡು ಹೋಯಿತು.
"ಸಾಕು" ಎಂದು ಎದ್ದುಬಿಟ್ಟ.

ನನ್ನ ಕೈ ಅವನ ಹೆಗಲತ್ತ ಹೋಯಿತು, ತಾನಾಗಿಯೇ,
ಹಳೆಯ ಕೈ.
ಗಾಳಿಯಲ್ಲೇ ನಿಲ್ಲಿಸಿಕೊಂಡೆ.
ಸಾಕು ಎಂದರೆ ಸಾಕು.

ಹನ್ನೊಂದು ದಿನ ಅರ್ಧ ಕ್ಷೌರದ ತಲೆಯೊಂದು
ಕುತಾಯಿಸಿಯ ಬೀದಿಗಳಲ್ಲಿ ಓಡಾಡಿತು.
ಎಡಕ್ಕೆ ಶಾಲೆಯ ಹುಡುಗ, ಬಲಕ್ಕೆ ಕಾಡು.
ಬ್ರೆಡ್ಡಿನಂಗಡಿಯ ಗುಲಿಕೊ ಬಾಗಿಲಿಗೇ ಬಂದು ಕೇಳಿದಳು,
"ಅಂಜೋರ್, ನಿನ್ನ ಕಣ್ಣು ಹೋಯಿತೇನಯ್ಯ?"
ಈಗ ಬಂದಿದೆ ಎನ್ನಬಹುದಿತ್ತು.
ಕೆಲಸ ನಡೀತಾ ಇದೆ ಎಂದೆ.

ಹನ್ನೆರಡನೆಯ ದಿನ ಅವನೇ ಬಂದ,
ತಾಯಿ ಇನ್ನೂ ಸೇತುವೆಯ ಮೇಲಿದ್ದಳು.
ನೆಟ್ಟಗೆ ಸ್ವಿಚ್ಚಿನ ಹತ್ತಿರ ಹೋಗಿ ದೀಪ ಆರಿಸಿ,
ಕುರ್ಚಿ ಹತ್ತಿ, ಕೋಟಿಗಾಗಿ ಕಾದು ಕೂತ.
ಕೋಟು ಬಂತು. ಬಲಗಡೆ ತೋರಿಸಿದ.

ಎಣಿಸುತ್ತ ಕತ್ತರಿಸಿದೆ.
ಒಂಬತ್ತಕ್ಕೆ ನಿಲ್ಲಿಸಿ, ಕನ್ನಡಿಯಲ್ಲಿ ಅವನ ಮುಖ ನೋಡಿದೆ.
"ಇನ್ನೂ ಒಂದು ಬಾಕಿ" ಎಂದ.