ಸುಳಿ

ಖಾಯೆಲಿತ್ಷಾದ ನೆಲ ಮಣ್ಣಲ್ಲ, ಮರಳು.
ಕಡಲು ಎಂದೋ ಹಾಸಿ, ಮಡಿಸಿಡಲು ಮರೆತ ಹಾಸಿಗೆ.
ಕೊಡ ನೀರು ಹೊಯ್ದರೆ
ಚಪ್ಪಲಿ ಕಳಚದೆಯೇ ಹೊರಟುಬಿಡುವ ನೆಂಟನ ಹಾಗೆ
ಇಳಿದುಹೋಗುತ್ತದೆ.
ಮೇಲಿಂದ ಆಗ್ನೇಯದ ಗಾಳಿ.
ಒಗೆದ ಬಟ್ಟೆ, ತಗಡಿನ ಸೂರು, ಆಡಿದ ಮಾತು
ಯಾವುದನ್ನೂ ಇಟ್ಟಲ್ಲಿ ಇರಗೊಡದ್ದು.

ಇಂಥಲ್ಲಿ, ಶಾಲೆಯ ಹಿಂದೆ, ಒಡೆದ ಶೀಶೆಗಳ ಬಯಲಲ್ಲಿ
ತೋಟ ಮಾಡುತ್ತೇನೆಂದಳು ನೋಸಿಸಾ.
ನಾನು ರಾತ್ರಿ ಕಾವಲಿನವನು. ನಕ್ಕೆ.
'ಕಾಯುವುದಕ್ಕೆ ಏನಾದರೂ ಇರಲಿ ನಿನಗೆ'
ಅಂದಳು.

ಮೊದಲು ಹಾಕಿದ್ದು ಬೀಜವಲ್ಲ.
ರಟ್ಟಿನ ಪೆಟ್ಟಿಗೆ, ಹಳೆ ಪತ್ರಿಕೆ,
ಬೀದಿಬದಿ ಕುರಿತಲೆ ಸುಡುವ ಹೆಂಗಸರ ಒಲೆಬೂದಿ,
ಆಲೂಗಡ್ಡೆ ಸಿಪ್ಪೆ.
ಮಕ್ಕಳು ಚೀಲ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ
'ನಿಮ್ಮ ಮುಸುರೆ ಕೊಡಿ' ಅಂದಾಗ
ಮಾನ ಹೋಯಿತೆಂದು ಬೈದವರುಂಟು.
ಬೈದವರ ಸಿಪ್ಪೆಯೂ ಬಂತು.

ಮರಳಿಗೆ ಉಣಿಸಿ ಉಣಿಸಿ ಎರಡು ಚಳಿಗಾಲ.
ಮೂರನೆಯದರಲ್ಲಿ
ಒಂದು ಎರೆಹುಳ!
ಲೊನ್ವಾಬೊ ಅದನ್ನು ಅಂಗೈಲಿಟ್ಟುಕೊಂಡು
ತರಗತಿ ತರಗತಿಗೆ ಹೊತ್ತೊಯ್ದು ತೋರಿಸಿದ,
ಹೊಸದಾಗಿ ವರ್ಗವಾಗಿ ಬಂದ ಮೇಷ್ಟರೆಂಬಂತೆ.

ಶನಿವಾರ ತಾಯಂದಿರು ಬಂದರು, ಅಜ್ಜಿಯರು ಬಂದರು.
ಗಂಡಸರು ಬೇಲಿಯಾಚೆ ಜೇಬಲ್ಲಿ ಕೈಯಿಟ್ಟು ನಿಂತರು:
'ಈ ಗುದ್ದಲಿ ಬಿಟ್ಟು ಬರಲೆಂದೇ ಅಲ್ಲವೆ
ಊರಲ್ಲಿ ಬಸ್ಸು ಹತ್ತಿದ್ದು?'
ಗಾಳಿತಡೆಯ ಬಲೆ ಸಡಿಲಾದ ದಿನ
ಒಬ್ಬ ಒಳಬಂದು ಬಿಗಿದು ಕಟ್ಟಿದ.
ಕಟ್ಟಿದವನು ಹೊರಗೆ ಹೋಗುವುದನ್ನು ಮರೆತ.

ಅವಳು ಹೇಳಿಕೊಟ್ಟ ಪಾಠಗಳಲ್ಲಿ
ನನಗೂ ಬಾಯಿಗೆ ಬರುವುದು ಇದೊಂದು:
'ಪಾಲಕ್ಕಿನ ಹೊರಗಿನ ಎಲೆ ಹಿಡಿ. ಕೆಳಕ್ಕೆ ತಿರುಚು. ಕೀಳು.
ನಡುವಿನ ಸುಳಿ ನಿನ್ನದಲ್ಲ, ಗಿಡದ್ದು.
ಅದನ್ನು ಮುರಿದೆಯೋ
ಇಂದು ಉಂಡೆ, ನಾಳೆಗೆ ಉಪವಾಸ ಬಿತ್ತಿದೆ.'

ಆಗಸ್ಟಿನ ಒಂದು ಮಂಗಳವಾರ.
ಇರುಳಿಡೀ ಸುರಿದ ಮಳೆ ನಿಂತ ಬೆಳಗು
ಎರಡು ಪಾತಿ ಬೋಳು.
ಮಕ್ಕಳು ಸಾಲಾಗಿ ನಿಂತು ನೋಡಿದರು,
ಆಮೇಲೆ ತಿರುಗಿ ನನ್ನನ್ನು.
'ನಿದ್ದೆ ಬಂದಿತ್ತು' ಅಂದೆ.

ನೋಸಿಸಾ ಕುಕ್ಕರಗಾಲಲ್ಲಿ ಕೂತು
ಗಿಡ ಗಿಡದ ಮುಖ ನೋಡುತ್ತಾ ಹೋದಳು,
ಜ್ವರ ಬಂದ ಮಕ್ಕಳನ್ನು ನೋಡುವಂತೆ.
ನಲವತ್ತು ಗಿಡ. ಒಂದರ ಸುಳಿಯೂ ಮುರಿದಿರಲಿಲ್ಲ.
ಎದ್ದು, ಸೊಂಟ ನೀವಿಕೊಂಡು, ನಕ್ಕಳು:
'ಕಳ್ಳರಲ್ಲ ಬಿಡಿ. ನಮ್ಮಲ್ಲಿ ಕಲಿತವರು.'
ಸುಳಿ ಬಿಟ್ಟದ್ದೇ ಸುಳಿವು.

ಸುಳಿವೆಂದರೆ ಮಕ್ಕಳು ಬಿಡುತ್ತಾರೆಯೆ?
ಅವನಿರಬಹುದು, ಇವಳಿರಬಹುದು,
ಆ ನೀಲಿ ತಗಡಿನ ಮನೆಯವರು...
'ಹೆಸರು ಬೇಡ,' ಅಂದಳು. 'ಬೂದಿ ತನ್ನಿ.'

ನನಗೆ ನಿದ್ದೆ ಬಂದಿರಲಿಲ್ಲ.
ಎರಡು ಗಂಟೆಯಿರಬೇಕು.
ಫೋನಿನ ಬೆಳಕನ್ನು ಹಲ್ಲಲ್ಲಿ ಕಚ್ಚಿ
ಮಳೆಯಲ್ಲಿ ಬಾಗಿದ ಒಬ್ಬ ಹೆಂಗಸು.
ಪಕ್ಕದಲ್ಲಿ, ಅಪ್ಪನದೋ ಅಣ್ಣನದೋ ಕೋಟಿನೊಳಗೆ
ಮುಳುಗಿಹೋದ ಒಂದು ಕೂಸು.
ಅವಳು ಬುಡಸಮೇತ ಕಿತ್ತಳು ನೋಡಿ, ಆ ಪುಟ್ಟ ಕೈ
ಅವಳ ಮಣಿಕಟ್ಟನ್ನು ಹಿಡಿಯಿತು.
'ಹಾಗಲ್ಲಮ್ಮ. ಹೊರಗಿನದು. ತಿರುಚು.'
ಕಿತ್ತ ಗಿಡವನ್ನು ಗುಳಿಗೆ ಮರಳಿಸಿ
ಸುತ್ತ ಒತ್ತಿತು, ಎರಡೂ ಹೆಬ್ಬೆರಳಲ್ಲಿ,
ಕಲಿಸಿಕೊಟ್ಟ ಹಾಗೆಯೇ.
ಅವಳು ಕಲಿತಳು. ನಾನು ನನ್ನ ಬೆಳಕು ಆರಿಸಿ
ಗೋಡೆಯ ಆ ಬದಿಗೆ ಹೋದೆ.
ಅಲ್ಲಿ ಕಾಯುವಂಥದ್ದೇನೂ ಇರಲಿಲ್ಲ.
ಅದನ್ನೇ ಕಾದೆ.

ಮುಂದಿನ ವಾರ ನಸುಕಿನಲ್ಲಿ
ಗೇಟಿನ ಕೊಂಡಿಗೆ ಒಂದು ಚೀಲ.
ಹೆಸರಿಲ್ಲ. ಒಳಗೆ ಮೊಟ್ಟೆಯ ಸಿಪ್ಪೆ ಒಂದು,
ಚಹದ ಚರಟ, ಪಾಲಕ್ಕಿನ ದಂಟು.
ಗುಂಡಿಗೆ ಸುರಿದೆ.
ಚೀಲ ತೊಳೆದು, ಕೊಡವಿ,
ಅದೇ ಕೊಂಡಿಗೆ ಸಿಕ್ಕಿಸಿದೆ.