ಗೇಣಿನ ಲೆಕ್ಕ

ಕೂನೂರಿನ ರುಚಿಕೋಣೆಯಲ್ಲಿ ನಾನು ಬಟ್ಟಲು ತೊಳೆಯುವವನು.
ದಿನಕ್ಕೆ ನಾನೂರು.
ವರದನ್ ಸಾಹೇಬರು ಸುರ್ರನೆ ಸೇದುತ್ತಾರೆ,
ನಾಲಿಗೆಯ ಮೇಲೊಮ್ಮೆ ಹೊರಳಿಸುತ್ತಾರೆ,
ಪೀಕದಾನಿಗೆ ಉಗಿದು ಒಂದು ಅಂಕಿ ಹೇಳುತ್ತಾರೆ.
ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಗುಟುಕು ನುಂಗಿದ್ದು
ನಾನು ಕಂಡಿಲ್ಲ.

ಬಿದಿರೊಳಗಿನ ಚಾ ಇದೆಯಂತೆ, ನಡಿ, ಎಂದರು.
ಕೋತಗಿರಿ ದಾಟಿ, ಬಸ್ಸು ಹಿಂದೆ ತಿರುಗುವ ಕೊನೆಯ ಹಟ್ಟಿ.
ಬಟ್ಟಲ ಪೆಟ್ಟಿಗೆ ನನ್ನ ತೊಡೆಯ ಮೇಲೆ
ತಿರುವಿಗೊಮ್ಮೆ ಹಲ್ಲು ಕಡಿಯುತ್ತಿತ್ತು.

ಮಾಸಿ ಹೆತ್ತೆ ಅಟ್ಟಕ್ಕೆ ಕೈ ಚಾಚಿದಳು.
ಮಸಿ ಹಿಡಿದ ಬಿದಿರು, ಉಳಿದದ್ದು ಒಂದೇ ಗೆಣ್ಣು.
"ಮೆಳೆ ಹೂಬಿಟ್ಟ ವರ್ಷದ್ದು.
ಎಲೆಗೆ ಎರಡೂವರೆ ರೂಪಾಯಿ ಅಂದರು, ಆಮೇಲೆ
ಅದೂ ಬೇಡ, ಮೂಟೆ ಹಿಂದೆ ಒಯ್ಯಿ ಅಂದರು.
ಹೊತ್ತು ತಂದೆ. ಎಸೆಯಲು ಕೈ ಬರಲಿಲ್ಲ.
ರಾಗಿ ಹುರಿಯುವ ಓಡಿನಲ್ಲಿ ಹುರಿದೆ.
ಕೆಳಗಿನ ಕಾಡಿನ ಕುರುಂಬರ ಬೊಮ್ಮ
ಸಾಯುವ ಮೆಳೆಯಲ್ಲಿ ಇನ್ನೂ ಹಸಿರಿದ್ದ
ಏಳು ಅಂಡೆ ಕಡಿದುಕೊಟ್ಟ.
ಒನಕೆಯಲ್ಲಿ ಜಡಿದೆ, ಸಿಟ್ಟೂ ಸೇರಿಸಿ.
ಒಲೆಯ ಮೇಲಿಟ್ಟು ಮರೆತೆ."

ಮರೆತವಳ ಲೆಕ್ಕ ಮಾತ್ರ ಪಕ್ಕಾ:
ಮೊದಲ ಸೊಸೆ ಹೆತ್ತಾಗ ಎರಡು ಬೆರಳಗಲ.
ಗಂಡ ಹೋದ ರಾತ್ರಿ, ಬಂದವರಿಗೆ, ಪೂರಾ ಒಂದು ಅಂಡೆ.
ಮೈದುನನ ಜೊತೆ ಬೇಲಿಯ ಜಗಳ ಮುಗಿದ ದಿನ
ಅರ್ಧ ಬೆರಳು. "ಅವನಿಗೆ ಅಷ್ಟು ಸಾಕು."

"ಕಿಲೋಗೆ ಏನು ಹೇಳುತ್ತೀರಿ?"
"ಕಿಲೋ ಎಲ್ಲ ಮೂಟೆ ವಾಪಸು ಕಳಿಸಿದವರದು.
ಇದು ಗೇಣಿನ ಲೆಕ್ಕ."

ಬಿದಿರು ಸಮೇತ ಬಿಲ್ಲೆಯಷ್ಟು ಕೊಯ್ದಳು,
ಸಿಪ್ಪೆ ಕಳಚಿ ಕುದಿಸಿದಳು.
ಹುಣಸೆ ಕಿವುಚಿದ ನೀರಿನ ಬಣ್ಣ.
ಕಾಡುಕಿಚ್ಚು ಆರಿದ ಮರುದಿನದ ವಾಸನೆ, ಹಿಂದೆಲ್ಲೋ ತುಸು ಬೆಲ್ಲ.

ಸಾಹೇಬರು ಸುರ್ರನೆ ಸೇದಿದರು,
ಕಣ್ಣು ಮುಚ್ಚಿ ಹೊರಳಿಸಿದರು,
ಎದ್ದು ಹೋಗಿ ಅಂಗಳಕ್ಕೆ ಉಗಿದರು.

ಕೋಳಿಯೊಂದು ಓಡಿಬಂತು, ನೋಡಿತು, ವಾಪಸು ಹೋಯಿತು.

"ಉಗಿಯಲಿಕ್ಕಾ," ಎಂದಳು ಹೆತ್ತೆ ನಿಧಾನವಾಗಿ,
"ಇಷ್ಟು ವರ್ಷ ಇದಕ್ಕೆ ಹೊಗೆ ಕುಡಿಸಿದ್ದು?"

ಅಭ್ಯಾಸ, ಎಂದರು ಸಾಹೇಬರು. ಕಿವಿ ಕೆಂಪಾಗಿತ್ತು.
ಅವಳು ಉಳಿದದ್ದನ್ನು ನನ್ನ ಬಟ್ಟಲಿಗೆ ಸುರಿದಳು,
ಅವರಿಗೆ ತಳದ ಒಂದು ಗುಟುಕು.
ಗಂಟಲ ಗುಬುಟು ಮೇಲೆದ್ದು ಇಳಿದದ್ದನ್ನು
ನಾನು ಕಳ್ಳನಂತೆ ನೋಡಿದೆ.

ಬೆಲೆ ಕುದುರಲಿಲ್ಲ. ಅಂಕಿಯೂ ಹೇಳಲಿಲ್ಲ.
ಏಳನೇ ತಿರುವಿನಲ್ಲಿ, ಕಿಟಕಿಯಾಚೆ ನೋಡುತ್ತಲೇ,
"ಹೇಗಿತ್ತೋ?" ಎಂದು ಕೇಳಿದರು,
ನನ್ನನ್ನು.

ಕೊನೆಗೆ ಸ್ವಲ್ಪ ಸಿಟ್ಟು ನಿಲ್ಲುತ್ತೆ ಸಾರ್, ಎಂದೆ.