ಎಂಬತ್ತೇಳರಲ್ಲಿ ಒಂದು

ಬಳ್ಳಾರಿ ಕೌಲ್ ಬಜಾರಿನಲ್ಲಿ
ಜೀನ್ಸ್ ಕಟಿಂಗ್ ಮಾಸ್ಟರ್ ನಾನು.
ಇಪ್ಪತ್ತೆಂಟರ ಸೊಂಟವನ್ನು ನಲವತ್ತಕ್ಕೆ ಹಿಗ್ಗಿಸುವುದು
ನೀರು ಕುಡಿದಷ್ಟು ಸಲೀಸು.
ಈ ಹಳೇ ಜರ್ಮನ್ ಎಂಜಿನ್ನಿನ ನಕ್ಷೆ ಹಾಸಿಕೊಂಡು ಮಾತ್ರ
ಮೂರು ತಿಂಗಳು ಅಳೆದೂ ಸುರಿದೂ ಕೂತೆ.

ಮೂವತ್ತೆರಡರಲ್ಲಿ ಒಂದು ಅಂದರೆ ಮೊಳ ಮೀರುತ್ತದೆ,
ಮಿಷಿನ್ನಿನ ಮೇಲೆ ಅದನ್ನು ಮಲಗಿಸಿದರೆ
ಶರೀಫಾ ಎಲ್ಲಿ ಹೊಲಿಯಬೇಕು?
ನೂರಿಪ್ಪತ್ತರಲ್ಲಿ ಒಂದು, ಗೇಣೂ ಇಲ್ಲ;
ಅದರ ಕೊಳವೆಗಳು ನನ್ನ ಚಾಳೀಸಿಗೆ ಸಿಗುವುದಿಲ್ಲ.

ನಿನ್ನೆ ರಾತ್ರಿ ಸುಮ್ಮನೆ
ಪ್ಯಾಂಟಿನ ಹಿತ್ತಾಳೆ ಗುಂಡಿಯೊಂದನ್ನು
ದೊಡ್ಡ ಗಾಲಿಯ ಲೆಕ್ಕಕ್ಕೆ ಹಿಡಿದೆ.
ಎಂಬತ್ತೇಳರಿಂದ ಭಾಗಿಸಿದರೆ ಇಪ್ಪತ್ತು ಮಿಲಿಮೀಟರು.
ಗುಂಡಿಯೂ ಇಪ್ಪತ್ತೇ!
ಆರು ಗಾಲಿಗೆ ಆರು ಗುಂಡಿ,
ಮುಂದಿನ ನಾಲ್ಕು ಚಿಕ್ಕವಕ್ಕೆ ಜೇಬಿನ ರಿವೆಟ್ಟು.

"ನಮ್ಮ ಗುಂತಕಲ್ ಎಂಜಿನ್ ಯಾಕ ಮಾಡಂಗಿಲ್ಲ?
ಆ ಜರ್ಮನಿಯವ ನಿನ್ನ ಕಾಕಾ ಏನು?"
ವಾಷಿಂಗಿನ ಹೊನ್ನೂರಸ್ವಾಮಿ ಕೇಳುತ್ತಾನೆ.

ಮಾಡಬಹುದಿತ್ತು.
ಆದರೆ ಅದನ್ನು ನೋಡಿದ್ದೇನೆ.
ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಏಳು ವರ್ಷದವ,
ಗಾಲಿ ನನ್ನ ತಲೆಗಿಂತ ಎತ್ತರ,
ಭುಸ್ಸೆಂದು ಉಗಿ ಬಂದು ಚಡ್ಡಿ ಒದ್ದೆ
(ಉಗಿಯಿಂದಲೇ ಎಂದು ಇವತ್ತಿಗೂ ಸಾಧಿಸುತ್ತೇನೆ).
ಅದನ್ನು ಯಾವುದರಿಂದ ಭಾಗಿಸಲಿ?

ಕಾಣದ ಊರಿನದಾದರೆ
ತಕರಾರಿಲ್ಲದೆ ನನ್ನ ಒಂದು ಗೇಣಿಗೆ ಇಳಿಯುತ್ತದೆ.

ಗುಂಡಿಯ ಮೇಲೆ ಕಂಪನಿ ಹೆಸರಿತ್ತು.
ಅರದಲ್ಲಿ ಉಜ್ಜಿ ಉಜ್ಜಿ ಬೆರಳು ಕಾದವು,
ಮೊದಲ ಗಾಲಿಯಲ್ಲಿ
ಇನ್ನೂ ಎರಡಕ್ಷರ ಉಳಿದಿವೆ.